ಮಾವ ಕಂಡ ಎರಡು ಮೋಡ

ನಮ್ಮ ತಾಯಿಯ ತವರಲ್ಲಿ ಒಂದು ಹಳೇ ಜಗಳ ಇತ್ತು. ಅಜ್ಜಿಗೂ ಅವಳ ಕಿರಿಮಗನಿಗೂ, ಅಂದರೆ ನನ್ನ ಸೋದರಮಾವನಿಗೂ. ಹೊಲದ ಜಗಳ ಅಲ್ಲ, ಬದುವಿನ ಜಗಳ ಅಲ್ಲ. ಮೋಡದ ಜಗಳ.

ಅಜ್ಜಿ ಹೇಳ್ತಿದ್ದದ್ದು ಇಷ್ಟು. ಒಂದು ವರ್ಷ ದೀಪಾವಳಿ ಕಳೆದು ಇನ್ನೂ ವಾರ ಆಗಿರಲಿಲ್ಲ. ಹೊತ್ತು ಮುಳುಗಿ ದೀಪ ಹಚ್ಚುವ ವೇಳೆ. ತೆಂಕಲ ಗುಡ್ಡದ ಮೇಲೆ, ಕಾವೇರಿ ಕಡೆಗೆ, ಅರಿಶಿನಕ್ಕೆ ಚಿಟಿಕೆ ಕುಂಕುಮ ಬೆರೆಸಿದ ಬಣ್ಣದ ಒಂದು ಮೋಡ ಹತ್ತಿಕೊಂಡಿತು. ನೋಡ್ತಾ ನೋಡ್ತಾ ಹಾವಿನ ಹಾಗೆ ಡೊಂಕಾಯ್ತು. ಒಂದು ಅನ್ನ ಬೇಯುವಷ್ಟು ಹೊತ್ತು ಇದ್ದು ಕರಗಿಹೋಯ್ತು. "ಯಾರೋ ಪಟಾಕಿ ಉಳಿಸಿಟ್ಟುಕೊಂಡು ಹಚ್ಚಿರಬೇಕು ಅಂದ್ಕೊಂಡೆ. ಆಮೇಲೆ ನೋಡಿದ್ರೆ ಅಷ್ಟು ಎತ್ತರಕ್ಕೆ ಯಾವ ಪಟಾಕಿ ಹೋಗುತ್ತೆ?" ಅಂತ ಅವಳೇ ಕೇಳೋಳು.

ಮಾವ ಬಿಡ್ತಿರಲಿಲ್ಲ. "ಒಂದಲ್ಲವ್ವ, ಎರಡು. ಹುಟ್ಟುವಾಗ ಒಂದೇ, ಆಮೇಲೆ ಬೇರೆ ಆದವು. ಒಂದು ಗಿಳಿಹಸಿರು, ದುಂಡಗಿತ್ತು. ಇನ್ನೊಂದು ನೇರಳೆಹಣ್ಣಿನ ಬಣ್ಣ. ಗೋಡೆಗೆ ವಾಲಿಸಿದ ಒನಕೆ ಹಾಗೆ ನಿಂತಿತ್ತು" ಅಂತಿದ್ದ. ಅವನು ನೋಡಿದ್ದು ಹುಣಸೆ ಬಡಿಯುವ ಕಾಲದಲ್ಲಂತೆ, ಮೇಕೆ ಹೊಡೆದುಕೊಂಡು ಬರುವಾಗ. ಅಜ್ಜಿಗೆ ಸಿಟ್ಟು ಬರೋದು. "ಒಂದಿದ್ರೆ ಎರಡು ಅನ್ನೋದು ಇವನ ಚಾಳಿ" ಅಂತ ಎಲ್ಲರ ಮುಂದೆ ಅಂದುಬಿಡೋಳು. ಮಾವನಿಗೆ ಮಾತು ಉದ್ದ ಮಾಡುವ ಅಭ್ಯಾಸ ಇದ್ದದ್ದು ನಿಜ. ಕೊನೆಗೆ ಊರಲ್ಲಿ ಅವನಿಗೆ "ಎರಡು ಮೋಡದವನು" ಅಂತಲೇ ಹೆಸರು ಬಿತ್ತು. ಸಂತೆಯಲ್ಲಿ ಅವನು ಮೇಕೆ ಬೆಲೆ ಹೇಳಿದರೆ, "ಅದರಲ್ಲಿ ಅರ್ಧ ಇಟ್ಕೋ, ಇವನು ಎರಡು ಮೋಡದವನು" ಅಂತ ನಗ್ತಿದ್ದರು.

ನಾನೂ ಅವನನ್ನು ನಂಬಲಿಲ್ಲ. ಗಣಿತದ ಮೇಷ್ಟ್ರು ಅನ್ನುವ ಗರ್ವ ಬೇರೆ. "ಮಾವ, ನೀನು ನೋಡಿದ್ದು 1965ರ ಇಕೆಯಾ-ಸೆಕಿ ಧೂಮಕೇತು ಇರಬೇಕು" ಅಂದೆ. ಅವನು ನನ್ನ ಮುಖ ನೋಡಿ, "ಧೂಮಕೇತೂನೂ ನೋಡಿದ್ದೀನಿ ಕಣೋ. ಅದು ಕೋಳಿ ಕೂಗೋ ಹೊತ್ತು, ಮೂಡಲಲ್ಲಿ. ಇದು ಬೈಗು, ತೆಂಕಲಲ್ಲಿ" ಅಂದ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಧೂಮಕೇತು ಬೆಳಗಿನ ಜಾವವೇ ಕಂಡದ್ದು. ಆದರೂ ನಾನು ಸುಮ್ಮನೆ ನಕ್ಕು ಎದ್ದುಹೋದೆ. ಆ ನಗುವಿನ ಬಾಕಿ ತೀರಿಸಲು ಈ ಲೇಖನ.

ಮೊದಲು ಅಜ್ಜಿಯ ಮೋಡದಿಂದ ಶುರು ಮಾಡೋಣ. ಅದರ ಜಾಡು ಹಿಡಿಯುವುದು ಸುಲಭ.

1963ರ ನವೆಂಬರ್ 21, ಗುರುವಾರ. ಆಗ ಅಂಚೆಟ್ಟಿ ಮದರಾಸು ರಾಜ್ಯದ ಸೇಲಂ ಜಿಲ್ಲೆಯಲ್ಲಿತ್ತು. ಧರ್ಮಪುರಿ ಜಿಲ್ಲೆ ಆದದ್ದು 1965ರಲ್ಲಿ, ಕೃಷ್ಣಗಿರಿ ಜಿಲ್ಲೆ 2004ರಲ್ಲಿ. ಆ ದಿನ ಸಂಜೆ 6 ಗಂಟೆ 25 ನಿಮಿಷಕ್ಕೆ ತಿರುವನಂತಪುರದ ಪಕ್ಕದ ತುಂಬಾ ಎಂಬ ಮೀನುಗಾರರ ಹಳ್ಳಿಯಿಂದ ಒಂದು ರಾಕೆಟ್ ಹಾರಿತು. ನೈಕಿ-ಅಪಾಚೆ ಅಂತ ಅದರ ಹೆಸರು. ರಾಕೆಟ್ ಅಮೆರಿಕದ್ದು, ಅದರ ತಲೆಯಲ್ಲಿದ್ದ ಸೋಡಿಯಂ ಪಾತ್ರೆ ಫ್ರಾನ್ಸಿನದು, ನೆಲ ನಮ್ಮದು. ವಿಕ್ರಮ್ ಸಾರಾಭಾಯಿ ಅವರ ಹಟದಿಂದ ಆದ ಕೆಲಸ ಅದು. ಅಲ್ಲಿನ ಮೇರಿ ಮ್ಯಾಗ್ಡಲೀನ್ ಚರ್ಚನ್ನೇ ಕಚೇರಿ ಮಾಡಿಕೊಂಡಿದ್ದರು. ರಾಕೆಟ್ಟಿನ ಭಾಗಗಳನ್ನು ಸೈಕಲ್ ಮೇಲೆ ಇಟ್ಟು ತಳ್ಳಿಕೊಂಡು ಹೋದ ಪಟ ನೀವು ಎಲ್ಲಾದರೂ ನೋಡಿರುತ್ತೀರಿ. ರಾಕೆಟ್ ಜೋಡಿಸುವ ಹೊಣೆ ಹೊತ್ತವರಲ್ಲಿ ಒಬ್ಬರು ಮುಂದೆ ರಾಷ್ಟ್ರಪತಿಯಾದ ಅಬ್ದುಲ್ ಕಲಾಂ. ಸೋಡಿಯಂ ಪ್ರಯೋಗವನ್ನು ನೋಡಿಕೊಂಡವರು ಅಹಮದಾಬಾದಿನ ಭೌತ ಸಂಶೋಧನಾಲಯದ ಪ್ರಫುಲ್ ಭಾವ್ಸಾರ್.

ರಾಕೆಟ್ ಸುಮಾರು 200 ಕಿಲೋಮೀಟರ್ ಎತ್ತರಕ್ಕೆ ಹೋಗಿ ದಾರಿಯುದ್ದಕ್ಕೂ ಸೋಡಿಯಂ ಆವಿ ಬಿಟ್ಟಿತು. ನೆಲದ ಮೇಲೆ ಕತ್ತಲೆ, ಆದರೆ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲು. ಬಿಸಿಲು ಬಿದ್ದ ಸೋಡಿಯಂ ಅರಿಶಿನ-ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ದೃಷ್ಟಿ ತೆಗೆದ ಉಪ್ಪನ್ನು ಒಲೆಗೆ ಹಾಕಿದಾಗ ಉರಿ ಹಳದಿಯಾಗುತ್ತದಲ್ಲ, ಅದೂ ಸೋಡಿಯಂ ಬಣ್ಣವೇ. ಆ ಹಳದಿ ಗೆರೆ ನೇರವಾಗಿ ಉಳಿಯಲಿಲ್ಲ. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ದಿಕ್ಕಿಗೆ ಬೀಸುತ್ತದೆ, ಹಾಗಾಗಿ ಗೆರೆ ಡೊಂಕಾಗುತ್ತದೆ. ದೂರ ದೂರದ ಊರುಗಳಿಂದ ಒಂದೇ ಹೊತ್ತಿಗೆ ಪಟ ತೆಗೆದರೆ ಆ ಡೊಂಕಿನಿಂದ ಗಾಳಿಯ ವೇಗ ಲೆಕ್ಕ ಹಾಕಬಹುದು. ಪ್ರಯೋಗದ ಉದ್ದೇಶವೇ ಅದು. ಕಣ್ಣಿಗೆ ಕಾಣದ ಗಾಳಿಗೆ ಬಣ್ಣ ಬಳಿಯುವುದು.

ಆ ವರ್ಷ ನವೆಂಬರ್ 16ರಂದು ಅಮಾವಾಸ್ಯೆ. ಅಂದರೆ ದೀಪಾವಳಿ ಕಳೆದು ಐದಾರು ದಿನ. ಅಜ್ಜಿ ಹೇಳಿದ ಲೆಕ್ಕ ಸರಿಹೋಗುತ್ತದೆ. ಬಣ್ಣ ಸರಿ, ಡೊಂಕು ಸರಿ, ದಿಕ್ಕು ಸರಿ. ಇನ್ನು ಅಷ್ಟು ದೂರದ್ದು ಇಲ್ಲಿಗೆ ಕಾಣುತ್ತದಾ? ಅಂಚೆಟ್ಟಿಯಿಂದ ತುಂಬಾಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 430 ಕಿಲೋಮೀಟರ್. ಭೂಮಿ ಗುಂಡಗಿರುವುದರಿಂದ ಅಷ್ಟು ದೂರಕ್ಕೆ 15 ಕಿಲೋಮೀಟರ್ ಕಳೆಯಬೇಕು. 200ರಲ್ಲಿ 15 ಹೋದರೆ 185. ಎತ್ತರ 185, ದೂರ 430. ಕೋನ ಸುಮಾರು 23 ಡಿಗ್ರಿ. ತೋಳು ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಹೆಚ್ಚುಕಡಿಮೆ 10 ಡಿಗ್ರಿ. ದಿಗಂತದಿಂದ ಎರಡು ಮುಷ್ಟಿಗಿಂತ ಸ್ವಲ್ಪ ಮೇಲೆ. ನಮ್ಮ ಗುಡ್ಡಗಳು ಅದನ್ನು ಮರೆಮಾಡುವುದಿಲ್ಲ. ಮಳೆಮೋಡ ಇಲ್ಲದಿದ್ದರೆ ಅಂಚೆಟ್ಟಿಯ ಅಂಗಳದಲ್ಲಿ ನಿಂತವಳಿಗೆ ಅದು ಕಾಣಬೇಕು.

ಮಾರನೇ ದಿನ ಕಳೆದು ನಮ್ಮ ಗಡಿಯಾರದಲ್ಲಿ ನಡುರಾತ್ರಿಯ ಹೊತ್ತಿಗೆ ಅಮೆರಿಕದಲ್ಲಿ ಅಧ್ಯಕ್ಷ ಕೆನಡಿಗೆ ಗುಂಡು ಬಿತ್ತು. ಲೋಕವೆಲ್ಲ ಆ ಸುದ್ದಿಯನ್ನೇ ಆಡಿತು. ಒಂದು ಹಳ್ಳಿಯ ಮೇಲೆ ಕಂಡ ಹಳದಿ ಮೋಡ ಏನು ಅಂತ ಯಾರು ಬಂದು ಹೇಳಬೇಕು?

ಅಜ್ಜಿ ಗೆದ್ದಳು ಅಂತಿಟ್ಟುಕೊಳ್ಳಿ. ಹಾಗಾದರೆ ಮಾವ ಸೋತನೇ? ಇಲ್ಲಿಂದ ಮುಂದೆ ಕತೆ ಸ್ವಲ್ಪ ಕಷ್ಟ, ಆದರೆ ರುಚಿ ಇರುವುದೂ ಇಲ್ಲೇ.

ಸೋಡಿಯಂ ಮೋಡದಿಂದ ಗಾಳಿ ತಿಳಿಯುತ್ತದೆ. ಆದರೆ ಅಷ್ಟು ಎತ್ತರದಲ್ಲಿ ಗಾಳಿಯಷ್ಟೇ ಅಲ್ಲ, ವಿದ್ಯುತ್ತೂ ಇದೆ. ಬಿಸಿಲು ಅಲ್ಲಿನ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಅಯಾನು ಮಾಡುತ್ತದೆ. ಅಯಾನು ಮತ್ತು ಎಲೆಕ್ಟ್ರಾನ್ ಕಲೆತ ಆ ಅನಿಲವನ್ನೇ ಪ್ಲಾಸ್ಮಾ ಅನ್ನುವುದು. ರೇಡಿಯೋ ಅಲೆಗಳನ್ನು ತಿರುಗಿ ನೆಲಕ್ಕೆ ಕಳಿಸುವ ಅಯಾನುಗೋಳ ಅದೇ. ತುಂಬಾವನ್ನು ಆರಿಸಿದ್ದಕ್ಕೂ ಕಾರಣ ಇದೇ. ಭೂಮಿಯ ಕಾಂತ ಸಮಭಾಜಕ ರೇಖೆ ಅಲ್ಲೇ ಹತ್ತಿರ ಹಾಯುತ್ತದೆ. ದಿಕ್ಸೂಚಿಯ ಸೂಜಿಯನ್ನು ಮೇಲೆ ಕೆಳಗೆ ಆಡುವಂತೆ ತೂಗುಹಾಕಿದರೆ ಅಲ್ಲಿ ಅದು ನೆಲಕ್ಕೆ ಸಮವಾಗಿ ಮಲಗುತ್ತದೆ. ಅಂಥ ಜಾಗದ ಮೇಲೆ ಸುಮಾರು 105 ಕಿಲೋಮೀಟರ್ ಎತ್ತರದಲ್ಲಿ ಹಗಲು ಹೊತ್ತು ದೊಡ್ಡ ವಿದ್ಯುತ್ ಪ್ರವಾಹ ಹರಿಯುತ್ತದೆ. ಅದನ್ನು ಅರಿಯಲು ಲೋಕದ ವಿಜ್ಞಾನಿಗಳೆಲ್ಲ ತುಂಬಾಕ್ಕೆ ಬರತೊಡಗಿದರು. 1968ರ ಫೆಬ್ರವರಿ 2ರಂದು ಪ್ರಧಾನಿ ಇಂದಿರಾ ಗಾಂಧಿ ಆ ಕೇಂದ್ರವನ್ನು ವಿಶ್ವಸಂಸ್ಥೆಗೆ ಅರ್ಪಿಸಿದರು.

ಗಾಳಿಗೆ ಬಣ್ಣ ಬಳಿದ ಹಾಗೆ ವಿದ್ಯುತ್ತಿಗೂ ಬಣ್ಣ ಬಳಿಯಬಹುದಾ? ಜರ್ಮನಿಯ ಮ್ಯೂನಿಕ್ ಹತ್ತಿರದ ಗಾರ್ಷಿಂಗ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ರೈಮಾರ್ ಲ್ಯೂಸ್ಟ್ ಮತ್ತು ಅವರ ಜೊತೆಯವರು ಈ ಪ್ರಶ್ನೆ ಹಿಡಿದರು. ಅವರಿಗೆ ಮೊದಲು ಬೇಕಿದ್ದದ್ದು ಧೂಮಕೇತುವಿನ ಬಾಲದ ಗುಟ್ಟು. ಬಾಲದಲ್ಲಿರುವ ಅಯಾನುಗಳನ್ನು ಸೂರ್ಯನಿಂದ ಬರುವ ಗಾಳಿ ಹೇಗೆ ತಳ್ಳುತ್ತದೆ ಅಂತ ನೋಡಲು ಕೃತಕ ಮೋಡ ಮಾಡಬೇಕಿತ್ತು. ಅದಕ್ಕೆ ಅವರು ಆರಿಸಿದ ಲೋಹ ಬೇರಿಯಂ. ಬೇರಿಯಂ ಪುಡಿಯನ್ನು ತಾಮ್ರದ ಆಕ್ಸೈಡಿನ ಜೊತೆ ಉರಿಸಿದರೆ ಆ ಕಾವಿಗೆ ಉಳಿದ ಬೇರಿಯಂ ಆವಿಯಾಗಿ ಹೊರಬರುತ್ತದೆ. ಬಿಸಿಲಿಗೆ ಸಿಕ್ಕ ಬೇರಿಯಂ ಹೆಚ್ಚುಕಡಿಮೆ ಅರ್ಧ ನಿಮಿಷದಲ್ಲೇ ಎಲೆಕ್ಟ್ರಾನ್ ಕಳೆದುಕೊಂಡು ಅಯಾನು ಆಗುತ್ತದೆ. 1960ರ ದಶಕದಲ್ಲಿ ಸಹಾರಾ ಮರುಭೂಮಿಯ ಮೇಲೆ ಫ್ರೆಂಚ್ ರಾಕೆಟ್ಟುಗಳಿಂದ ಇದನ್ನು ಮಾಡಿ ನೋಡಿದರು. ಆ ದಶಕದ ಕೊನೆಯಿಂದ ತುಂಬಾದಲ್ಲೂ ಜರ್ಮನರೂ ನಮ್ಮವರೂ ಸೇರಿ ಬೇರಿಯಂ ಮೋಡ ಬಿಟ್ಟರು.

ಈಗ ಬಣ್ಣಕ್ಕೆ ಬನ್ನಿ. ಅಯಾನು ಆಗದ ಬೇರಿಯಂ ಹಸಿರಾಗಿ ಹೊಳೆಯುತ್ತದೆ. ಅಯಾನು ಆದದ್ದು ನೀಲಿ-ನೇರಳೆ. ಬೇರಿಯಂ ಜೊತೆ ಸ್ವಲ್ಪ ಸ್ಟ್ರಾಂಷಿಯಂ ಇದ್ದೇ ಇರುತ್ತದೆ. ಅದು ಅಷ್ಟು ಬೇಗ ಅಯಾನು ಆಗುವುದಿಲ್ಲ. ಹಾಗಾಗಿ ನೇರಳೆ ಮೋಡ ಹೊರಟುಹೋದ ಮೇಲೂ ಹಸಿರು-ನೀಲಿಯ ಇನ್ನೊಂದು ಮೋಡ ಉಳಿಯುತ್ತದೆ. ಒಂದೇ ಡಬ್ಬಿಯಿಂದ ಹುಟ್ಟಿ ಎರಡಾಗುವ ಮೋಡ!

ಇದನ್ನು ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಸುಮ್ಮನೆ ಕೂತೆ. ಆಗ ಮಾವ ತೀರಿಕೊಂಡು ಬಹಳ ವರ್ಷ ಆಗಿತ್ತು.

ಎರಡು ಯಾಕೆ ಬೇರೆ ಬೇರೆ ದಾರಿ ಹಿಡಿಯುತ್ತವೆ? ರಾಗಿ ತೂರುವುದನ್ನು ನೆನೆಸಿಕೊಳ್ಳಿ. ಒಂದೇ ಮೊರದಿಂದ ಸುರಿದರೂ ಹೊಟ್ಟು ಗಾಳಿಯ ಜೊತೆ ಹೋಗುತ್ತದೆ, ಕಾಳು ತನ್ನ ದಾರಿಯಲ್ಲಿ ಬೀಳುತ್ತದೆ. ಇಲ್ಲಿ ಹಸಿರು ಮೋಡ ಹೊಟ್ಟಿನ ಹಾಗೆ, ಗಾಳಿ ಎತ್ತಲೋ ಅದು ಅತ್ತ. ನೇರಳೆ ಮೋಡಕ್ಕೆ ಗಾಳಿಗಿಂತ ದೊಡ್ಡ ಯಜಮಾನ ಇದ್ದಾನೆ, ಭೂಮಿಯ ಕಾಂತಕ್ಷೇತ್ರ. ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತು ಮೇಟಿಯನ್ನೇ ಸುತ್ತುವ ಹಾಗೆ ಅಯಾನು ಕಾಂತರೇಖೆಯನ್ನು ಸುತ್ತುತ್ತದೆ. ರೇಖೆಯ ಉದ್ದಕ್ಕೆ ಜಾರಬಹುದು, ಅಡ್ಡ ದಾಟಲಾರದು. ಅದಕ್ಕೇ ದುಂಡಗೆ ಹುಟ್ಟಿದ ಮೋಡ ಕೆಲವೇ ನಿಮಿಷದಲ್ಲಿ ದಾರದ ಹಾಗೆ ಉದ್ದ ಆಗುತ್ತದೆ. ಇನ್ನು ವಿದ್ಯುತ್ ಕ್ಷೇತ್ರ ಇದ್ದರೆ ಆ ದಾರವೇ ಇಡಿಯಾಗಿ ಪಕ್ಕಕ್ಕೆ ಸರಿಯುತ್ತದೆ. ಎಷ್ಟು ವೇಗ? ಒಂದು ಮೀಟರಿಗೆ ಒಂದು ಮಿಲಿವೋಲ್ಟ್ ಅಂದರೆ ತೀರಾ ಸಣ್ಣದು. ಟಾರ್ಚಿನ ಒಂದು ಸೆಲ್ಲಿನ ಒಂದೂವರೆ ವೋಲ್ಟನ್ನು ಒಂದೂವರೆ ಕಿಲೋಮೀಟರ್ ದೂರಕ್ಕೆ ಹಂಚಿದಷ್ಟು. ಅಷ್ಟಿದ್ದರೆ ಸಾಕು, ತುಂಬಾದ ಮೇಲೆ ಮೋಡ ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಗಂಟೆಗೆ 100 ಕಿಲೋಮೀಟರ್! ಹೊಸೂರು ಹೆದ್ದಾರಿಯ ಕಾರಿನ ವೇಗ.

ಹಾಗಾದರೆ ಕೆಲಸ ಸುಲಭ ಅನ್ನಿಸುತ್ತದೆ. ನೇರಳೆ ಮೋಡದ ವೇಗ ಅಳೆ, ವಿದ್ಯುತ್ ಎಷ್ಟು ಅಂತ ಹೇಳು. ಮೊದಮೊದಲು ಹಾಗೇ ಅಂದುಕೊಂಡಿದ್ದರು. ಆದರೆ ಮೋಡ ಹೇಳಿದ ಹಾಗೆ ಕೇಳಲಿಲ್ಲ.

ತೊಡಕು ಎಲ್ಲಿ ಅಂದರೆ, ಮೋಡವೂ ವಿದ್ಯುತ್ತಿನದೇ ಮುದ್ದೆ. ಸುತ್ತಲಿನ ಅಯಾನುಗೋಳಕ್ಕಿಂತ ಅದು ದಟ್ಟ. ಗಾಳಿ ಅದರೊಳಗೆ ಹಾಯುವಾಗ ಅಯಾನುಗಳನ್ನು ಸ್ವಲ್ಪ ತಳ್ಳುತ್ತದೆ, ಎಲೆಕ್ಟ್ರಾನ್‌ಗಳನ್ನು ಅಷ್ಟು ತಳ್ಳಲಾರದು. ಹಾಗಾಗಿ ಮೋಡದ ಒಂದು ಮಗ್ಗುಲಲ್ಲಿ ಧನ, ಇನ್ನೊಂದು ಮಗ್ಗುಲಲ್ಲಿ ಋಣ ವಿದ್ಯುತ್ತು ಸೇರುತ್ತದೆ. ಮೋಡ ತನ್ನದೇ ಒಂದು ವಿದ್ಯುತ್ ಕ್ಷೇತ್ರ ಕಟ್ಟಿಕೊಳ್ಳುತ್ತದೆ. ಅದರಿಂದ ಮೋಡದ ಓಟವೇ ಬದಲಾಗುತ್ತದೆ. ಬೇರಿಯಂ ಹೆಚ್ಚು ಹಾಕಿದಷ್ಟೂ ಮೋಡ ಗಾಳಿಯ ಕಡೆಗೆ ವಾಲುತ್ತದೆ. ಅಂದರೆ ಅಳೆಯಲು ಇಟ್ಟ ಸೇರೇ ಅಳತೆ ಕೆಡಿಸಿತು. 1967ರಲ್ಲಿ ಗೆರ್ಹಾರ್ಡ್ ಹೇರೆಂಡೆಲ್, ಲ್ಯೂಸ್ಟ್ ಮತ್ತು ರೀಗರ್ ಸೇರಿ ಇದಕ್ಕೆ ಲೆಕ್ಕ ಕಟ್ಟಿದರು. ಮೋಡ ಎಷ್ಟು ವಿದ್ಯುತ್ ಹರಿಯಗೊಡುತ್ತದೆ, ಸುತ್ತಲಿನ ಅಯಾನುಗೋಳ ಎಷ್ಟು ಹರಿಯಗೊಡುತ್ತದೆ, ಈ ಎರಡರ ಪ್ರಮಾಣ ಗೊತ್ತಾದರೆ ಮೋಡದ ಓಟದಲ್ಲಿ ಗಾಳಿಯ ಪಾಲೆಷ್ಟು, ವಿದ್ಯುತ್ತಿನ ಪಾಲೆಷ್ಟು ಅಂತ ಬೇರೆ ಮಾಡಬಹುದು ಅಂತ ತೋರಿಸಿದರು.

ಇಲ್ಲೊಂದು ಸಂಗತಿ ನಮ್ಮ ಕಡೆಯವರು ತಿಳಿಯಬೇಕಾದದ್ದು. ಮೋಡದಲ್ಲಿ ಸೇರಿದ ವಿದ್ಯುತ್ತು ಅಲ್ಲೇ ನಿಲ್ಲುವುದಿಲ್ಲ, ಕಾಂತರೇಖೆಯ ಗುಂಟ ಹರಿಯುತ್ತದೆ. ತುಂಬಾದ ಮೇಲೆ 200 ಕಿಲೋಮೀಟರ್ ಎತ್ತರದಲ್ಲಿ ಹಾಯುವ ಕಾಂತರೇಖೆ ಕಮಾನಿನ ಹಾಗೆ ಬಗ್ಗಿ ಉತ್ತರಕ್ಕೆ ಬರುತ್ತದೆ. ಸ್ಥೂಲವಾಗಿ ಲೆಕ್ಕ ಹಾಕಿದರೆ ಮೈಸೂರಿನ ಆಸುಪಾಸಿನಲ್ಲಿ ಸುಮಾರು 175 ಕಿಲೋಮೀಟರ್ ಎತ್ತರದಲ್ಲಿ ಹಾದು, ಉತ್ತರ ಕರ್ನಾಟಕದ ಮೇಲೆ 100 ಕಿಲೋಮೀಟರಿಗೆ ಇಳಿಯುತ್ತದೆ. ದಕ್ಷಿಣಕ್ಕೆ ಅದೇ ರೀತಿ ಹಿಂದೂ ಮಹಾಸಾಗರದ ಮೇಲೆ. ಆ ಎರಡು ತುದಿಗಳಲ್ಲಿ ಗಾಳಿ ದಟ್ಟ ಇರುವ ಪದರ ಎಷ್ಟು ವಿದ್ಯುತ್ ಹರಿಯಗೊಡುತ್ತದೆ ಅನ್ನುವುದರ ಮೇಲೂ ತುಂಬಾದ ಮೋಡದ ಓಟ ನಿಂತಿದೆ. ಕೇರಳದ ಮೋಡದ ಬಾಲ ಕನ್ನಡ ನಾಡಿನ ಆಕಾಶಕ್ಕೆ ಕಟ್ಟಿತ್ತು ಅಂದರೆ ಹೆಚ್ಚೇನಲ್ಲ.

ಇಷ್ಟೆಲ್ಲ ಸೇರಿದ ಮೇಲೆ ಕಾಗದ ಪೆನ್ಸಿಲಿನ ಲೆಕ್ಕ ಸಾಲದಾಯ್ತು. ಆಗ ಕಂಪ್ಯೂಟರ್ ಹಿಡಿದರು. ಸಿಮ್ಯುಲೇಷನ್ ಅನ್ನುತ್ತಾರಲ್ಲ, ಅದು ಮಾಟ ಮಂತ್ರ ಅಲ್ಲ, ಮೋಡವನ್ನು ಲೆಕ್ಕದಲ್ಲೇ ಆಡಿಸಿ ನೋಡುವುದು. ಆಕಾಶವನ್ನು ಚೌಕುಳಿ ಕಾಗದದ ಹಾಗೆ ಸಣ್ಣ ಸಣ್ಣ ಮನೆಗಳಾಗಿ ಹಂಚುತ್ತಾರೆ. ಒಂದೊಂದು ಮನೆಯಲ್ಲಿ ಎಷ್ಟು ಅಯಾನು ಇದೆ ಅಂತ ಬರೆದುಕೊಳ್ಳುತ್ತಾರೆ. ಯಾವ ಮನೆಯಲ್ಲೂ ವಿದ್ಯುತ್ತು ಗುಡ್ಡೆ ಬೀಳದ ಹಾಗೆ, ಒಳಬಂದಷ್ಟೇ ಹೊರಹೋಗುವ ಹಾಗೆ, ಎಲ್ಲ ಮನೆಗಳ ವೋಲ್ಟ್ ಎಷ್ಟಿರಬೇಕು ಅಂತ ಬಿಡಿಸುತ್ತಾರೆ. ಅದರಿಂದ ಪ್ರತಿ ಮನೆಯ ಅಯಾನಿನ ವೇಗ ಸಿಗುತ್ತದೆ. ಒಂದು ಸೆಕೆಂಡಿನಷ್ಟು ಅವನ್ನು ಸರಿಸುತ್ತಾರೆ. ಸರಿಸಿದ ಮೇಲೆ ಮನೆಗಳ ಎಣಿಕೆ ಬದಲಾಯ್ತಲ್ಲ, ಮತ್ತೆ ವೋಲ್ಟ್ ಬಿಡಿಸಬೇಕು, ಮತ್ತೆ ಸರಿಸಬೇಕು. ಹೀಗೆ ಸಾವಿರ ಸಲ. ಪಗಡೆ ಹಾಸಿನ ಮೇಲೆ ಕಾಯಿ ನಡೆಸಿದ ಹಾಗೆ, ಆದರೆ ದಾಳ ಇಲ್ಲ. ಪ್ರತಿ ನಡೆಯನ್ನೂ ಭೌತಶಾಸ್ತ್ರದ ನಿಯಮವೇ ಹೇಳುತ್ತದೆ.

ಲೆಕ್ಕದ ಮೋಡ ಆಕಾಶದ ಮೋಡದ ಹಾಗೆ ನಡೆದರೆ ಹಾಕಿದ ನಿಯಮ ಸಾಕು ಅಂತ ಅರ್ಥ. ನಡೆಯದಿದ್ದರೆ ಏನನ್ನೋ ಬಿಟ್ಟಿದ್ದೇವೆ. ನಿಜವಾದ ಮೋಡಗಳು ಮಾಡುತ್ತಿದ್ದ ಒಂದು ಕೆಲಸ ಎಲ್ಲರನ್ನೂ ಕಾಡಿತ್ತು. ಸ್ವಲ್ಪ ಹೊತ್ತಾದ ಮೇಲೆ ಮೋಡದ ಒಂದು ಮಗ್ಗುಲು ಚೂಪಾಗಿ ಮೊನಚಿ, ಹುರಿ ಬಿಚ್ಚಿದ ಹಗ್ಗದ ತುದಿಯ ಹಾಗೆ ಎಳೆ ಎಳೆಯಾಗಿ ಸೀಳುತ್ತಿತ್ತು. 1970ರಲ್ಲಿ ಲಿನ್ಸನ್ ಮತ್ತು ವರ್ಕ್‌ಮನ್ ಅದಕ್ಕೆ ಕಾರಣ ಕೊಟ್ಟರು. ಮೋಡಕ್ಕೂ ಗಾಳಿಗೂ ಓಟದಲ್ಲಿ ವ್ಯತ್ಯಾಸ ಇರುವಾಗ ದಟ್ಟ ಅಂಚಿನ ಒಂದು ಮಗ್ಗುಲು ಸ್ಥಿರವಾಗಿ ನಿಲ್ಲಲಾರದು, ಅಲ್ಲಿ ಆದ ಸಣ್ಣ ಡೊಂಕೂ ತನ್ನಿಂದ ತಾನೇ ಬೆಳೆಯುತ್ತದೆ. 1973ರಲ್ಲಿ ಜಬುಸ್ಕಿ, ಡೋಲ್ಸ್ ಮತ್ತು ಪರ್ಕಿನ್ಸ್ ಕಂಪ್ಯೂಟರಿನಲ್ಲಿ ಮೋಡ ಓಡಿಸಿ ಆ ಮೊನಚು, ಆ ಸೀಳು ಎರಡೂ ಲೆಕ್ಕದಲ್ಲೇ ಹುಟ್ಟುವುದನ್ನು ತೋರಿಸಿದರು. ಯಾರೂ ಸೀಳು ಅಂತ ಹೇಳಿಕೊಟ್ಟಿರಲಿಲ್ಲ. ನಿಯಮ ಹಾಕಿದರು, ಸೀಳು ತಾನಾಗಿ ಬಂತು.

ಇದರಿಂದ ನಮಗೇನು ಅಂತ ಕೇಳುವವರಿಗೆ ಒಂದು ಮಾತು. ಬೇರಿಯಂ ಮೋಡ ಸೀಳುವ ಹಾಗೆಯೇ, ಯಾರೂ ಏನೂ ಬಿಡದಿದ್ದರೂ, ನಮ್ಮ ತಲೆಯ ಮೇಲಿನ ಅಯಾನುಗೋಳ ಎಷ್ಟೋ ರಾತ್ರಿ ತಾನಾಗಿ ಸೀಳುತ್ತದೆ. ಹೊತ್ತು ಮುಳುಗಿದ ಮೇಲೆ ಕೆಳಗಿನಿಂದ ತೆಳುವಾದ ಪ್ಲಾಸ್ಮಾ ಗುಳ್ಳೆಗಳ ಹಾಗೆ ಎದ್ದು ಮೇಲೇರುತ್ತದೆ. ಆಗ ಉಪಗ್ರಹದಿಂದ ಬರುವ ಸಂಕೇತ ನಡುಗುತ್ತದೆ. ಫೋನಿನಲ್ಲಿ ದಾರಿ ತೋರಿಸುವುದೂ, ವಿಮಾನ ಇಳಿಸುವುದೂ ಈಗ ಆ ಸಂಕೇತದ ಮೇಲೆ ನಿಂತಿದೆ. ನಮ್ಮ ದೇಶದ ಗಗನ್ ಎಂಬ ವ್ಯವಸ್ಥೆ ಅಯಾನುಗೋಳದಿಂದ ಆಗುವ ತಪ್ಪನ್ನೂ ತಿದ್ದುತ್ತದೆ. ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ರಾಘವರಾವ್ ಮತ್ತು ಅವರ ಜೊತೆಯವರು 1980ರ ದಶಕದಲ್ಲಿ ಶ್ರೀಹರಿಕೋಟೆಯಿಂದಲೂ ಬೇರಿಯಂ ಮೋಡ ಬಿಟ್ಟು ಈ ಗುಳ್ಳೆಗಳ ಹುಟ್ಟನ್ನು ಹುಡುಕಿದರು. ಅದೇ ಸಂಸ್ಥೆಯ ಶೇಖರ್ ಅವರ ಜೊತೆ ಸೇರಿ, ಮೇಲೆ ಕೆಳಗೆ ಬೀಸುವ ಸಣ್ಣ ಗಾಳಿಯೂ ಗುಳ್ಳೆಯನ್ನು ಹೇಗೆ ಬೆಳೆಸುತ್ತದೆ ಅಥವಾ ತಡೆಯುತ್ತದೆ ಅಂತ ಲೆಕ್ಕದಲ್ಲಿ ಓಡಿಸಿ ನೋಡಿದರು. ಆ ದಶಕದ ಉತ್ತರಾರ್ಧದಲ್ಲಿ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್, ಸಾರಾಭಾಯಿ ಅವರ ಶಿಷ್ಯರು. ಇನ್ನು ಜರ್ಮನಿಯವರು ತಾವು ಮೊದಲು ಬಯಸಿದ ಧೂಮಕೇತುವನ್ನೂ ಬಿಡಲಿಲ್ಲ. 1984ರ ಡಿಸೆಂಬರ್ 27ರಂದು ಭೂಮಿಯ ಕಾಂತಕ್ಷೇತ್ರದ ಆಚೆ ಉಪಗ್ರಹದಿಂದ ಬೇರಿಯಂ ಬಿಟ್ಟು ಕೃತಕ ಧೂಮಕೇತು ಮಾಡಿಯೇ ತೋರಿಸಿದರು.

ಈಗ ಮಾವನ ಒನಕೆಗೆ ಬರೋಣ.

ಎರಡು ಮೋಡ ಅನ್ನುವುದು ಸರಿಹೋಯ್ತು, ಬಣ್ಣ ಸರಿಹೋಯ್ತು. ಆದರೆ ಒಂದು ಮಾತು ನನ್ನನ್ನು ಕುಟುಕುತ್ತಲೇ ಇತ್ತು. ತುಂಬಾದಲ್ಲಿ ಕಾಂತರೇಖೆ ನೆಲಕ್ಕೆ ಸಮವಾಗಿ ಮಲಗಿರುತ್ತದೆ. ನೇರಳೆ ಮೋಡ ಆ ರೇಖೆಯ ಗುಂಟ ಹಬ್ಬುತ್ತದೆ. ಅಂದಮೇಲೆ ಅದು ಮಲಗಿರಬೇಕು. ಮಾವ ಮಾತ್ರ "ನಿಂತಿತ್ತು" ಅಂತಿದ್ದ. ಇಲ್ಲಿ ಸಿಕ್ಕಿಬಿದ್ದ ಅಂತ ನನಗೆ ಒಳಗೊಳಗೇ ಅನ್ನಿಸಿತು.

ನಮ್ಮ ವಾಚನಾಲಯಕ್ಕೆ ಬರುವ ಕಾಲೇಜು ಹುಡುಗಿ ಒಬ್ಬಳಿಗೆ ಇದನ್ನು ಹೇಳಿದೆ. ಅವಳು ತನ್ನ ಲ್ಯಾಪ್‌ಟಾಪ್ ತೆಗೆದು, "ಸರ್, ಅಲ್ಲಿ ಮಲಗಿರೋದು ಇಲ್ಲಿಂದ ಹೇಗೆ ಕಾಣುತ್ತೆ ಅಂತ ನೋಡಿದ್ರಾ?" ಅಂದಳು. ನೋಡಿರಲಿಲ್ಲ. 60 ಕಿಲೋಮೀಟರ್ ಉದ್ದದ ಒಂದು ದಾರವನ್ನು ತುಂಬಾದ ಮೇಲೆ 200 ಕಿಲೋಮೀಟರ್ ಎತ್ತರದಲ್ಲಿ, ದಿಕ್ಸೂಚಿ ತೋರುವ ಉತ್ತರ-ದಕ್ಷಿಣಕ್ಕೆ ಮಲಗಿಸಿದಳು. ನೋಡುವವನನ್ನು ಅಂಚೆಟ್ಟಿಯಲ್ಲಿ ನಿಲ್ಲಿಸಿದಳು. ನಾವು ತುಂಬಾಕ್ಕೆ ಹೆಚ್ಚುಕಡಿಮೆ ನೇರ ಉತ್ತರದಲ್ಲಿ ಇರುವುದರಿಂದ ದಾರವನ್ನು ಅದರ ತುದಿಯ ಕಡೆಯಿಂದ ನೋಡುತ್ತೇವೆ. ಹತ್ತಿರದ ತುದಿ ಆಕಾಶದಲ್ಲಿ ಸುಮಾರು 25 ಡಿಗ್ರಿ ಎತ್ತರದಲ್ಲಿ, ದೂರದ ತುದಿ ಇಪ್ಪತ್ತೊಂದೂವರೆ ಡಿಗ್ರಿಯಲ್ಲಿ. ಹತ್ತಿರದ್ದು ಮೇಲೆ, ದೂರದ್ದು ಕೆಳಗೆ. ಸಾಲುಮರದ ನೇರ ದಾರಿಯಲ್ಲಿ ನಿಂತು ನೋಡಿದರೆ ಮುಂದಿನ ಕೊಂಬೆ ಮೇಲೂ ದೂರದ ಕೊಂಬೆ ಕೆಳಗೂ ಕಾಣುವ ಹಾಗೆ. ಪಕ್ಕಕ್ಕೆ ಸರಿದದ್ದು ಬರೀ ಎರಡು ಡಿಗ್ರಿ. ಪರದೆಯ ಮೇಲೆ ಬಂದ ಗೆರೆ ಮಲಗಿರಲಿಲ್ಲ. ನಿಂತಿತ್ತು, ಸ್ವಲ್ಪ ವಾಲಿ. ಗೋಡೆಗೆ ವಾಲಿಸಿದ ಒನಕೆ.

ತಿರುವನಂತಪುರದ ಪೂರ್ವಕ್ಕೋ ಪಶ್ಚಿಮಕ್ಕೋ ದೂರದಲ್ಲಿ ನಿಂತವನಿಗೆ ಅದೇ ಮೋಡ ಅಡ್ಡಗೆರೆಯಾಗಿ ಕಾಣುತ್ತಿತ್ತು. ನಿಂತ ಹಾಗೆ ಕಾಣಬೇಕಾದರೆ ಉತ್ತರದಲ್ಲೋ ದಕ್ಷಿಣದಲ್ಲೋ ಇರಬೇಕು. ಅಂಚೆಟ್ಟಿಯಲ್ಲಿ ಮೇಕೆ ಕಾಯುವ ಹುಡುಗ ಇಂಥ ಸುಳ್ಳನ್ನು ಕಟ್ಟಬೇಕಾದರೆ ಅವನಿಗೆ ಕಾಂತರೇಖೆಯೂ ಗೊತ್ತಿರಬೇಕು, ತುಂಬಾದ ದಿಕ್ಕೂ ಗೊತ್ತಿರಬೇಕು. ಸುಳ್ಳು ಹೇಳುವವನು ಇಷ್ಟು ಸರಿಯಾಗಿ ಹೇಳಲಾರ.

ಇದರಿಂದ ಮಾವ ಕಂಡದ್ದು ಬೇರಿಯಂ ಮೋಡವೇ ಅಂತ ಸಾಬೀತಾಯ್ತು ಅಂತ ನಾನು ಹೇಳುವುದಿಲ್ಲ. ಲೆಕ್ಕ ಅಷ್ಟು ದೂರ ಹೋಗುವುದಿಲ್ಲ. ಅವನು ಹೇಳಿದ್ದು ಆಗಬಹುದಾದ ಮಾತು ಅಂತ ಮಾತ್ರ ಹೇಳುತ್ತದೆ. ಅಜ್ಜಿ ಕಂಡದ್ದೂ ಆಗಬಹುದಾದದ್ದೇ. ಇಬ್ಬರೂ ಬೇರೆ ಬೇರೆ ವರ್ಷ, ಬೇರೆ ಬೇರೆ ಮೋಡ ನೋಡಿ, ಒಂದೇ ಮೋಡ ಅಂದುಕೊಂಡು ಜಗಳ ಆಡಿದರು ಅಂತ ಕಾಣುತ್ತದೆ. ತಾಯಿ ಮಗ ಇಬ್ಬರಲ್ಲಿ ಯಾರೂ ಸುಳ್ಳಾಡಿರಬೇಕಾಗಿಲ್ಲ.

ಅಷ್ಟರಲ್ಲಿ ಆ ಹುಡುಗಿ ತಲೆ ಎತ್ತಿ ಕೇಳಿದಳು: "ಸರ್, ಲೆಕ್ಕದ ಪ್ರಕಾರ ಮೇಲಿನ ತುದಿ ಪಡುವಣಕ್ಕೆ ವಾಲಬೇಕು, ಹೊತ್ತು ಮುಳುಗಿದ ಕಡೆಗೆ. ನಿಮ್ಮ ಮಾವ ಯಾವ ಕಡೆ ವಾಲಿತ್ತು ಅಂದಿದ್ರು?"

ನಾನು ಕೇಳಿರಲಿಲ್ಲ. ಅವನು ಹತ್ತಾರು ಸಲ ಹೇಳಿದ್ದ, ನಾನು ಒಂದು ಸಲವೂ ಕೇಳಿರಲಿಲ್ಲ. ಆ ಒಂದು ಮಾತು ಇದ್ದಿದ್ದರೆ ಲೆಕ್ಕವನ್ನು ಅವನ ಕಣ್ಣಿಗೆ ತಾಳೆ ಹಾಕಿ ನೋಡಬಹುದಿತ್ತು. ತುಂಬಾದವರು ಮೋಡದ ಪಟ ತೆಗೆಯಲು ಎಲ್ಲೆಲ್ಲೋ ಕ್ಯಾಮೆರಾ ಇಟ್ಟು ಕಾದರು. ನಮ್ಮ ಮನೆಯಲ್ಲೇ ಒಂದು ಜೋಡಿ ಕಣ್ಣು ಇತ್ತು. ಮೇಷ್ಟ್ರಾದ ನಾನು ಅದನ್ನು ನಗೆಯಲ್ಲಿ ಕಳೆದೆ.

ಅದಕ್ಕೇ ಓದುಗರಲ್ಲಿ ಒಂದು ಬಿನ್ನಹ. ಅಂಚೆಟ್ಟಿ, ಡೆಂಕಣಿಕೋಟೆ, ತಳಿ ಕಡೆಯ ಹಳ್ಳಿಗಳಲ್ಲಿ 1960, 70ರ ದಶಕದಲ್ಲಿ ಬೈಗಿನಲ್ಲೋ ಬೆಳಗಿನ ಜಾವದಲ್ಲೋ ಬಣ್ಣದ ಮೋಡ ಕಂಡ ಹಿರಿಯರು ಇನ್ನೂ ಇರಬಹುದು. ಹೋಗಿ ಕೇಳಿ. ಯಾವ ಕಾಲ, ಯಾವ ಹೊತ್ತು, ಯಾವ ಗುಡ್ಡದ ಮೇಲೆ, ಎಷ್ಟು ಮುಷ್ಟಿ ಎತ್ತರ, ಯಾವ ಬಣ್ಣ, ಒಂದೋ ಎರಡೋ, ಯಾವ ಕಡೆಗೆ ವಾಲಿತ್ತು. ಕನ್ನಡದಲ್ಲಿ ಹೇಳಲಿ, ತಮಿಳಿನಲ್ಲಿ ಹೇಳಲಿ, ತೆಲುಗಿನಲ್ಲಿ ಹೇಳಲಿ, ಹೇಳಿದ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ವಾಚನಾಲಯದ ಮೇಜಿನ ಮೇಲೆ ಅದಕ್ಕೆಂದೇ ಒಂದು ನೋಟ್ ಪುಸ್ತಕ ಇಟ್ಟಿದ್ದೇನೆ. ಮೊದಲ ಪುಟದಲ್ಲಿ ಅಜ್ಜಿಯ ಮೋಡ ಬರೆದಿದ್ದೇನೆ, ಎರಡನೇ ಪುಟದಲ್ಲಿ ಮಾವನ ಎರಡು ಮೋಡ. ಮಾವನ ಪುಟದಲ್ಲಿ "ವಾಲಿದ ದಿಕ್ಕು" ಅನ್ನುವ ಕಡೆ ಜಾಗ ಖಾಲಿ ಬಿಟ್ಟಿದ್ದೇನೆ. ಅವನ ಜೊತೆ ಅಂದು ಮೇಕೆ ಹೊಡೆದುಕೊಂಡು ಬಂದವರು ಯಾರಾದರೂ ಇದ್ದರೆ ಬಂದು ಅದನ್ನು ತುಂಬಲಿ.